ಮೊಗಸಾಲೆಯೂ ಪಾಠಶಾಲೆಯೇ

ಕಾಲೇಜಿನ ನಕ್ಷೆ ಮುಂದಿಟ್ಟರೆ ನಾವು ಮೊದಲು ಎಣಿಸುವುದು ತರಗತಿ ಕೋಣೆಗಳನ್ನು. ಓಡಾಡುವ ಜಾಗ ನಮ್ಮ ಲೆಕ್ಕದಲ್ಲಿ ದಂಡ. ಹಣ ಸಾಲದಾದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ.

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಐಐಎಂ ಕಟ್ಟಡವನ್ನು ನೋಡಿ. 1970ರ ದಶಕದಲ್ಲಿ ಅದರ ವಿನ್ಯಾಸಕ್ಕೆ ಕೈಹಾಕಿದ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಈ ಲೆಕ್ಕವನ್ನೇ ತಿರುವುಹಾಕಿದರು. ಫತೇಪುರ್ ಸಿಕ್ರಿಯ ಅಂಗಳಗಳು ಅವರಿಗೆ ಸ್ಫೂರ್ತಿ. ಒರಟು ಕಲ್ಲಿನ ಗೋಡೆಗಳ ನಡುವೆ ಎತ್ತರದ, ಅಗಲವಾದ ಮೊಗಸಾಲೆಗಳು. ಒಂದೆಡೆ ಮಾಡು, ಇನ್ನೊಂದೆಡೆ ಬಳ್ಳಿ ಹಬ್ಬಿದ ಚಪ್ಪರ, ಮತ್ತೊಂದೆಡೆ ಬರೀ ಆಕಾಶ. ಬೆಂಗಳೂರಿನ ಹಿತವಾದ ಹವೆಯಲ್ಲಿ ಇದು ಸಾಧ್ಯವೆಂದು ಅವರು ಕಂಡುಕೊಂಡಿದ್ದರು. ಬಿಸಿಲು ನೆರಳಿನ ಆಟದಲ್ಲಿ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ. ಗಂಟೆ ಹೊಡೆದ ಮೇಲೂ ಮುಗಿಯದ ಪ್ರಶ್ನೆಗೆ ಅಲ್ಲಿ ನೆಲೆ ಸಿಗುತ್ತದೆ. ನಮ್ಮ ಮನೆಯ ಜಗಲಿ, ಊರಿನ ಅರಳಿಕಟ್ಟೆ ಮಾಡುತ್ತಿದ್ದ ಕೆಲಸವೂ ಇದೇ ಅಲ್ಲವೇ?

2018ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದ ದೋಶಿ, ಆ ಗೌರವಕ್ಕೆ ಪಾತ್ರರಾದ ಮೊದಲ ಭಾರತೀಯ.

ಭೌತಶಾಸ್ತ್ರದ ಹುಡುಗನಿಗೆ ಇತಿಹಾಸದ ಹುಡುಗಿಯ ಮುಖಪರಿಚಯವೂ ಇಲ್ಲದಿದ್ದರೆ ಅದು ವಿಶ್ವವಿದ್ಯಾಲಯ ಹೇಗಾದೀತು? ಮುಂದಿನ ನಕ್ಷೆಗೆ ಸಹಿ ಹಾಕುವ ಮುನ್ನ ಒಂದು ಮಾತು ಕೇಳೋಣ: ಇಲ್ಲಿ ಇಬ್ಬರು ನಿಂತು ಮಾತಾಡಲು ಜಾಗವೆಲ್ಲಿ?