ಇಂಗ್ಲಿಷಿನ ಗುಣವಾಚಕಗಳು: ಮನೆಮಾತು, ಊರಮಾತುಗಳ ನೆರವಿನಿಂದ



ಇಂಗ್ಲಿಷ್ ವ್ಯಾಕರಣದಲ್ಲಿ ಅಡ್ಜೆಕ್ಟಿವ್ ಎನ್ನುವ ಪದಗಳನ್ನು, ಅದರಲ್ಲೂ ಗುಣ, ಬಣ್ಣ, ಗಾತ್ರ, ರುಚಿಗಳನ್ನು ತಿಳಿಸುವ ಪದಗಳನ್ನು ಕುರಿತು ಮಾತನಾಡಲು ನನಗೆ ಸೂಚಿಸಲಾಗಿದೆ. ಕನ್ನಡದಲ್ಲಿ ಇವನ್ನು ಗುಣವಾಚಕ ಎನ್ನುತ್ತೇವೆ, ಉರ್ದುವಿನಲ್ಲಿ ಸಿಫತ್. ವಿಷಯ ಚಿಕ್ಕದೆಂದು ತೋರಬಹುದು. ಆದರೆ ನೀವು ಬರೆಯುವ ಅರ್ಜಿ, ಸಂದರ್ಶನದಲ್ಲಿ ಕೊಡುವ ಉತ್ತರ, ಪರೀಕ್ಷೆಯ ಪ್ರಬಂಧ, ಇವುಗಳಲ್ಲಿ ಎದುರಿನವರು ನಿಮ್ಮ ಇಂಗ್ಲಿಷನ್ನು ಅಳೆಯುವುದು ಹೆಚ್ಚಾಗಿ ಈ ಪುಟ್ಟ ಪದಗಳಿಂದಲೇ.

ನಿಮ್ಮಲ್ಲಿ ಬಹಳಷ್ಟು ಜನರ ಮನೆಯಲ್ಲಿ ಉರ್ದು, ಅಂದರೆ ನಮ್ಮ ದಖನಿ. ಬೀದಿಯಲ್ಲಿ, ಅಂಗಡಿಯಲ್ಲಿ ಕನ್ನಡ. ತರಗತಿಯಲ್ಲಿ ಮೂರನೆಯದಾಗಿ ಇಂಗ್ಲಿಷ್. ಇದು ಮಕ್ಕಳಿಗೆ ಹೊರೆ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಿಮ್ಮ ಇಂಗ್ಲಿಷಿನಲ್ಲಿ ಕಾಣುವ ತಪ್ಪುಗಳಲ್ಲಿ ಅನೇಕವು ದಡ್ಡತನದಿಂದ ಬಂದವಲ್ಲ. ಕನ್ನಡದ ಅಥವಾ ಉರ್ದುವಿನ ನಿಯಮವನ್ನು ಸರಿಯಾಗಿ ಪಾಲಿಸಿದ್ದರಿಂದ ಬಂದವು. ಎಲ್ಲಿ ಯಾವ ಭಾಷೆಯ ಕೈ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಉದಾಹರಣೆ ನೋಡಿ. ಉರ್ದುವಿನಲ್ಲಿ ಅಚ್ಛಾ ಲಡಕಾ, ಅಚ್ಛೀ ಲಡಕೀ, ಅಚ್ಛೇ ಲಡಕೇ. ಲಿಂಗ, ವಚನ ಬದಲಾದಂತೆ ಗುಣವಾಚಕವೂ ಬದಲಾಗುತ್ತದೆ. ಕನ್ನಡದಲ್ಲಿ ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಹುಡುಗರು. ಬದಲಾವಣೆ ಇಲ್ಲ. ಇಂಗ್ಲಿಷ್ ಇಲ್ಲಿ ಕನ್ನಡದ ದಾರಿಯಲ್ಲಿದೆ: ಗುಡ್ ಬಾಯ್, ಗುಡ್ ಗರ್ಲ್, ಗುಡ್ ಬಾಯ್ಸ್. ಆದ್ದರಿಂದ ಇಲ್ಲಿ ಕನ್ನಡವನ್ನು ನಂಬಿ.

ಈಗ ಇನ್ನೊಂದು. 'ಈ ಹಣ್ಣು ಸಿಹಿ' ಎಂದರೆ ಕನ್ನಡದಲ್ಲಿ ವಾಕ್ಯ ಪೂರ್ಣ. ಕ್ರಿಯಾಪದ ಬೇಕಿಲ್ಲ. ಅದನ್ನೇ ಇಂಗ್ಲಿಷಿಗೆ ತಂದರೆ 'ದಿಸ್ ಫ್ರೂಟ್ ಸ್ವೀಟ್' ಎಂದಾಗಿ ಕೆಂಪು ಗೆರೆ ಬೀಳುತ್ತದೆ. ಉರ್ದುವಿನಲ್ಲಿ ಹೇಗೆ ಹೇಳುತ್ತೀರಿ? 'ಯೇ ಫಲ್ ಮೀಠಾ ಹೈ.' ಆ 'ಹೈ' ಇದೆಯಲ್ಲ, ಅದೇ ಇಂಗ್ಲಿಷಿನ 'ಈಸ್'. ಇಲ್ಲಿ ಮನೆಮಾತನ್ನು ನಂಬಿ.

ಕೆಲವು ಕಡೆ ಎರಡೂ ಭಾಷೆಗಳು ಒಟ್ಟಿಗೆ ದಾರಿ ತಪ್ಪಿಸುತ್ತವೆ. ಅಲ್ಲಿ ಹೆಚ್ಚು ಎಚ್ಚರ ಬೇಕು. ಉರ್ದುವಿನಲ್ಲಿ 'ಲಂಬಾ' ಎಂದರೆ ಉದ್ದವೂ ಹೌದು, ಎತ್ತರವೂ ಹೌದು: ಲಂಬಾ ರಾಸ್ತಾ, ಲಂಬಾ ಆದ್ಮೀ. ನಮ್ಮ ಕಡೆಯ ಆಡುಗನ್ನಡದಲ್ಲೂ 'ಉದ್ದದ ಆಳು' ಎನ್ನುವುದುಂಟು. ಇಂಗ್ಲಿಷಿನಲ್ಲಿ ದಾರಿ ಲಾಂಗ್, ಮನುಷ್ಯ ಟಾಲ್, ಗೋಡೆ ಹೈ. ಹಾಗೆಯೇ 'ನನಗೆ ಇಂಗ್ಲಿಷಿನಲ್ಲಿ ಆಸಕ್ತಿ', 'ಮುಝೇ ದಿಲ್‌ಚಸ್ಪೀ ಹೈ'. ಎರಡರಲ್ಲೂ ಆಸಕ್ತಿ ನನಗೆ ಇರುವ ಒಂದು ವಸ್ತು, ನಾನು ವಾಕ್ಯದ ಕರ್ತೃವಲ್ಲ. ಇಂಗ್ಲಿಷಿನಲ್ಲಿ ನಾನೇ ಕರ್ತೃ. ಆಗ ಗೊಂದಲವಾಗಿ 'ಐ ಆ್ಯಮ್ ಇಂಟರೆಸ್ಟಿಂಗ್' ಎಂದುಬಿಡುತ್ತೇವೆ. ಅದರ ಅರ್ಥ 'ನಾನು ಬಹಳ ಸ್ವಾರಸ್ಯಕರ ವ್ಯಕ್ತಿ' ಎಂದು! ಆಸಕ್ತಿ ಹುಟ್ಟಿಸುವ ಪಾಠ ಇಂಟರೆಸ್ಟಿಂಗ್, ಆಸಕ್ತಿ ಇರುವ ವಿದ್ಯಾರ್ಥಿ ಇಂಟರೆಸ್ಟೆಡ್. ಬೇಸರ ತರುವ ಭಾಷಣ ಬೋರಿಂಗ್, ಬೇಸತ್ತ ಶ್ರೋತೃ ಬೋರ್ಡ್. ಈ ಸಭೆಯಲ್ಲಿ ಎರಡಕ್ಕೂ ಉದಾಹರಣೆ ಸಿಗದಿರಲಿ.

ಹೋಲಿಕೆಯ ವಿಷಯವೂ ಇಂಥದ್ದೇ. ಮಂಡ್ಯ ಮದ್ದೂರಿಗಿಂತ ದೊಡ್ಡದು. ಇಲ್ಲಿ ಗುರುತು ಬಿದ್ದಿರುವುದು ಮದ್ದೂರಿನ ಮೇಲೆ; 'ದೊಡ್ಡ' ಇದ್ದಂತೆಯೇ ಇದೆ. ಉರ್ದುವಿನ 'ಸೇ' ಕೂಡ ಹೀಗೆಯೇ ಕೆಲಸ ಮಾಡುತ್ತದೆ. ಆದ್ದರಿಂದಲೇ ನಮ್ಮ ಮಕ್ಕಳು 'ಮಂಡ್ಯ ಈಸ್ ಬಿಗ್ ದ್ಯಾನ್ ಮದ್ದೂರ್' ಎಂದು ಬರೆಯುತ್ತಾರೆ. ಇಂಗ್ಲಿಷಿನಲ್ಲಿ 'ದ್ಯಾನ್' ಒಂದೇ ಸಾಲದು, ಗುಣವಾಚಕವೂ 'ಬಿಗರ್' ಆಗಬೇಕು. ಇದು ನಮಗೆ ತೀರ ಹೊಸತೇನಲ್ಲ. ಸಂಸ್ಕೃತದ ತರ, ತಮ ಪ್ರತ್ಯಯಗಳು ಇದೇ ಕೆಲಸ ಮಾಡುತ್ತವೆ; ಮಹತ್ತರ, ಪ್ರಿಯತಮ ಎನ್ನುವಾಗ ಅವು ನಮ್ಮ ಬಾಯಲ್ಲಿವೆ. ಆ ಎರಡು ಪ್ರತ್ಯಯಗಳನ್ನು ಜೋಡಿಸಿಯೇ 'ತರತಮ' ಎಂದೆವು, ಅದರಿಂದ 'ತಾರತಮ್ಯ' ಬಂತು. ಪಾರಸಿಯಿಂದ ಉರ್ದುವಿಗೆ ಬಂದ ಬೆಹ್ತರ್, ಬೆಹ್ತರೀನ್ ಪದಗಳಲ್ಲಿರುವ 'ತರ್' ಸಂಸ್ಕೃತದ 'ತರ'ದ ಬಂಧುವೇ. ಬೆಹ್ತರ್ ಎಂಬಲ್ಲಿ 'ಹೆಚ್ಚು' ಎಂಬ ಅರ್ಥ ಒಳಗೇ ಇದ್ದರೂ ನಾವು 'ಜ್ಯಾದಾ ಬೆಹ್ತರ್' ಎನ್ನುತ್ತೇವೆ. 'ಮೋರ್ ಬೆಟರ್' ಎಂಬುದೂ ಅದೇ ಅಭ್ಯಾಸ. 'ಬೆಟರ್' ಸಾಕು.

ನನಗೆ ಬಹಳ ಇಷ್ಟವಾದ ಪದ 'ಜೋರು'. ಪಾರಸಿಯ 'ಜೋರ್' ಉರ್ದುವಿನ ಮೂಲಕ ಕನ್ನಡಕ್ಕೆ ಬಂದು ಎಲ್ಲರ ಮನೆಯ ಮಾತಾಗಿದೆ. ಖಾಲಿ, ತಾಜಾ, ಮಜಬೂತು, ಅಸಲಿ, ನಕಲಿ, ಇವೂ ಹಾಗೆ ಬಂದವೇ. ಜೋರು ಮಳೆ, ಜೋರು ಗಾಳಿ, ಜೋರು ದನಿ, ಜೋರು ವ್ಯಾಪಾರ, ಒಂದೇ ಪದ ಎಲ್ಲೆಡೆ ನಡೆಯುತ್ತದೆ. ಇಂಗ್ಲಿಷಿನಲ್ಲಿ ನಡೆಯದು. ಮಳೆ ಹೆವಿ, ಗಾಳಿ ಸ್ಟ್ರಾಂಗ್, ದನಿ ಲೌಡ್, ವ್ಯಾಪಾರ ಬ್ರಿಸ್ಕ್. ಕಡಕ್ ಚಹಾ ಸ್ಟ್ರಾಂಗ್ ಟೀ, ಆದರೆ ಕಡಕ್ ಮೇಷ್ಟ್ರು ಸ್ಟ್ರಿಕ್ಟ್. ಇದಕ್ಕೆ ಸೂತ್ರವಿಲ್ಲ. ಆದ್ದರಿಂದ ಹೊಸ ಗುಣವಾಚಕವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ, ಅದರ ಜೊತೆಗಾರ ನಾಮಪದದೊಂದಿಗೇ ಬರೆದುಕೊಳ್ಳಿ.

ಎಲ್ಲ ಗುಣವಾಚಕಗಳಿಗೂ 'ವೆರಿ' ಹತ್ತುವುದಿಲ್ಲ ಎಂಬುದನ್ನೂ ಗಮನಿಸಿ. ನಮ್ಮ ಜಿಲ್ಲೆಯ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಕಂದಾಯ ದಾಖಲೆಯಲ್ಲಿ ಜಮೀನು ಖುಷ್ಕಿ ಅಥವಾ ತರಿ. ಪಾರಸಿಯಲ್ಲಿ ಖುಷ್ಕ್ ಎಂದರೆ ಒಣ, ತರ್ ಎಂದರೆ ಹಸಿ. ಇಂಗ್ಲಿಷಿನಲ್ಲಿ ಡ್ರೈ ಲ್ಯಾಂಡ್, ವೆಟ್ ಲ್ಯಾಂಡ್. ಕಾಲುವೆಯ ಕೊನೆಯ ಭಾಗದಲ್ಲಿ ನೀರು ಬಾರದೆ ಬಿರುಕು ಬಿಟ್ಟ ಗದ್ದೆಯೂ ದಾಖಲೆಯಲ್ಲಿ ತರಿಯೇ. ಏಕೆಂದರೆ ಅಲ್ಲಿ ಆ ಪದ ನೆಲದ ಇಂದಿನ ಸ್ಥಿತಿಯನ್ನು ಹೇಳುತ್ತಿಲ್ಲ, ಅದು ಯಾವ ವರ್ಗಕ್ಕೆ ಸೇರಿದ್ದೆಂದು ಹೇಳುತ್ತಿದೆ. ವರ್ಗ ಹೇಳುವ ಪದಕ್ಕೆ 'ವೆರಿ' ಸೇರದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹೋಯಿತು. ಆ ಸ್ಥಾವರ ಹೈಡ್ರೊಎಲೆಕ್ಟ್ರಿಕ್. 'ವೆರಿ ಹೈಡ್ರೊಎಲೆಕ್ಟ್ರಿಕ್' ಎಂಬುದಿಲ್ಲ.

ಇನ್ನು ಆಯ್ಕೆಯ ಮಾತು. 'ಮದ್ದೂರು ವಡೆಯನ್ನು ವರ್ಣಿಸಿ' ಎಂದರೆ ಬರುವ ಉತ್ತರ: ವೆರಿ ನೈಸ್, ವೆರಿ ಟೇಸ್ಟಿ. ಇದು ತಿಂದವರ ಸಂತೋಷವನ್ನು ಹೇಳಿತು, ವಡೆಯನ್ನು ಹೇಳಲಿಲ್ಲ. ಇದೇ ಮಾತನ್ನು ಮೈಸೂರುಪಾಕಿಗೂ ಹೇಳಬಹುದು. ಮದ್ದೂರು ವಡೆ ಉದ್ದಿನ ವಡೆಯಲ್ಲ. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿಯದು. ಚಪ್ಪಟೆ, ಆದ್ದರಿಂದ ಫ್ಲಾಟ್. ಗರಿಗರಿ, ಆದ್ದರಿಂದ ಕ್ರಿಸ್ಪ್. ಕಂದು ಬಣ್ಣ, ಆದ್ದರಿಂದ ಬ್ರೌನ್. 'ಫ್ಲಾಟ್, ಕ್ರಿಸ್ಪ್, ಬ್ರೌನ್' ಎಂದರೆ ಮದ್ದೂರನ್ನೇ ಕಾಣದವನಿಗೂ ವಡೆ ಕಣ್ಣಿಗೆ ಕಟ್ಟುತ್ತದೆ. ಮೊದಲು ಕನ್ನಡದಲ್ಲಿ ಅಥವಾ ಉರ್ದುವಿನಲ್ಲಿ ವಸ್ತುವನ್ನು ಸರಿಯಾಗಿ ನೋಡಿ, ಆಮೇಲೆ ನಿಘಂಟು ತೆಗೆಯಿರಿ.

ಪುರಸಭೆಗೆ ಬರೆಯುವ ಅರ್ಜಿಯಲ್ಲಿ 'ನಮ್ಮ ರಸ್ತೆ ವೆರಿ ಬ್ಯಾಡ್' ಎಂದರೆ ಓದಿದ ಅಧಿಕಾರಿ 'ಎಲ್ಲ ರಸ್ತೆಗಳೂ ಹಾಗೇ' ಎಂದು ಪಕ್ಕಕ್ಕಿಡಬಹುದು. ನ್ಯಾರೋ, ಅನ್‌ಲಿಟ್ ಎಂದು ಬರೆದರೆ, ಅಂದರೆ ಕಿರಿದು, ದೀಪವಿಲ್ಲದ್ದು ಎಂದರೆ, ಬಂದು ನೋಡಿ ಹೌದು ಅಥವಾ ಅಲ್ಲ ಎನ್ನಲೇಬೇಕು. ಉದ್ಯೋಗದ ಅರ್ಜಿಯಲ್ಲಿ ಎಲ್ಲರೂ ಬರೆಯುವ ಸಿನ್ಸಿಯರ್, ಹಾರ್ಡ್‌ವರ್ಕಿಂಗ್ ಪದಗಳೂ ಹೀಗೆ ಸವೆದ ನಾಣ್ಯಗಳೇ. ಮೂರು ವರ್ಷ ಅಂಗಡಿಯ ಲೆಕ್ಕ ಬರೆದಿದ್ದರೆ ಅದನ್ನೇ ಬರೆಯಿರಿ.

ಹಿರಿಯರಿಗೂ ಶಿಕ್ಷಕರಿಗೂ ಒಂದು ಮಾತು. ಇಂಗ್ಲಿಷಿನಲ್ಲಿ ಗುಣವಾಚಕ ನಿಲ್ಲುವ ಜಾಗ ಎರಡು: ನಾಮಪದದ ಮುಂದೆ, ಇಲ್ಲವೆ 'ಈಸ್' ಆದ ಮೇಲೆ. 'ಎ ವೀಕ್ ಸ್ಟೂಡೆಂಟ್' ಎಂದಾಗ ವೀಕ್ ಎಂಬುದು ಆ ಮಗುವಿನ ಹುಟ್ಟುಗುಣವೆಂಬಂತೆ ಅಂಟಿಕೊಳ್ಳುತ್ತದೆ. 'ಶೀ ಈಸ್ ವೀಕ್ ಇನ್ ಸ್ಪೆಲ್ಲಿಂಗ್' ಎಂದಾಗ ಅದೇ ಪದ ಒಂದು ವಿಷಯಕ್ಕೆ ಸೀಮಿತವಾಗಿ, ಏನು ಮಾಡಬೇಕೆಂಬುದನ್ನೂ ತೋರಿಸುತ್ತದೆ. ಮೊದಲನೆಯದನ್ನು ಕೇಳಿಸಿಕೊಂಡ ತಂದೆ ಮಗಳನ್ನು ಹತ್ತನೆಯ ತರಗತಿಗೇ ಬಿಡಿಸುವ ಯೋಚನೆ ಮಾಡಬಹುದು. ಎರಡನೆಯದನ್ನು ಕೇಳಿದ ತಂದೆ ಒಂದು ಕಾಪಿ ಪುಸ್ತಕ ತಂದುಕೊಟ್ಟಾನು. ಅಂಕಪಟ್ಟಿಯ ಷರಾ ಬರೆಯುವಾಗ ದಯವಿಟ್ಟು ಎರಡನೆಯ ಜಾಗವನ್ನೇ ಬಳಸಿ.

ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ ಕೊಟ್ಟು ಮುಗಿಸುತ್ತೇನೆ. ಕಾವೇರಿ ತುಂಬಿ ಹರಿಯುವ ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಗಗನಚುಕ್ಕಿಗೆ ಹೋಗಿ. ನೀರು, ಬಂಡೆ, ಸದ್ದು, ಈ ಮೂರಕ್ಕೂ ತಲಾ ಎರಡು ಗುಣವಾಚಕಗಳನ್ನು ಮೂರೂ ಭಾಷೆಗಳಲ್ಲಿ ಬರೆಯಿರಿ. ನೈಸ್, ಗುಡ್, ಬ್ಯೂಟಿಫುಲ್ ಎಂಬ ಪದಗಳನ್ನು ಬಳಸುವಂತಿಲ್ಲ. ಎರಡು ಪಟ್ಟಿಗಳಲ್ಲಿ ಬಂಡೆಯ ಸಾಲು ಹೆಚ್ಚುಕಡಿಮೆ ಒಂದೇ ಇರಬಹುದು. ನೀರಿನ ಸಾಲೂ ಒಂದೇ ಆಗಿದ್ದರೆ ಮತ್ತೊಮ್ಮೆ ಹೋಗಿ ನೋಡಿ.