ಹುಲ್ಲುಹಾಸಿನ ಬೇರು ತಿನ್ನುವ ಗೊಣ್ಣೆ ಹುಳು



ಪುಷ್ಯದ ಮಳೆ ಮುಗಿದು ಆಶ್ಲೇಷಾ ಹುಟ್ಟಿರುವ ಈ ದಿನಗಳಲ್ಲಿ, ಮೈಸೂರು, ಮಂಡ್ಯ, ಬೆಂಗಳೂರು ಕಡೆಯ ಕೆಂಪು ಮಣ್ಣಿನ ಮನೆಯಂಗಳಗಳಿಂದ ಒಂದೇ ಬಗೆಯ ದೂರು ಮೇಲಿಂದ ಮೇಲೆ ಬರುತ್ತಿದೆ: ಮಳೆಯೂ ಬೀಳುತ್ತಿದೆ, ನೀರನ್ನೂ ಹಾಯಿಸುತ್ತಿದ್ದೇವೆ, ಆದರೂ ಹುಲ್ಲುಹಾಸು ಅಲ್ಲಲ್ಲಿ ತಟ್ಟೆಯಗಲ ಹಳದಿಯಾಗಿ, ವಾರ ಕಳೆಯುವುದರೊಳಗೆ ಮೊರದಗಲ ಒಣಗಿಹೋಗುತ್ತಿದೆ ಎಂದು. ನಾನು ಹೋಗಿ ನೋಡಿದ ಅಂಗಳಗಳಲ್ಲಿ ಬಹುಪಾಲಿಗೆ ಕಾರಣವಾಗಿದ್ದುದು ಗೊಣ್ಣೆ ಹುಳು. ಕಬ್ಬು ಬೆಳೆಯುವವರೂ ಕಡಲೆಕಾಯಿ ಬೆಳೆಯುವವರೂ ಚೆನ್ನಾಗಿ ಬಲ್ಲ ಆ ಹುಳುವೇ ಈಗ ಪಟ್ಟಣದ ಅಂಗಳಕ್ಕೂ ಇಳಿದಿದೆ.

ಆದರೆ ಹುಳುವಿಗಿಂತ ಹೆಚ್ಚಾಗಿ ನನ್ನನ್ನು ನೋಯಿಸುವುದು ಮನೆಮನೆಯಲ್ಲಿಯೂ ಕಾಣುತ್ತಿರುವ ಒಂದು ತಪ್ಪು. ಹುಲ್ಲು ಹಳದಿಯಾದೊಡನೆ ಅದಕ್ಕೆ ದಾಹವೆಂದು ನಿಶ್ಚಯಿಸಿ, ಬೇರಿನ ಗತಿ ಏನಾಗಿದೆಯೆಂದು ಒಮ್ಮೆಯಾದರೂ ಬಗ್ಗಿ ನೋಡದೆ, ಸಂಜೆಗೊಮ್ಮೆ ಬೆಳಗಿಗೊಮ್ಮೆ ಕೊಳವೆ ಹಿಡಿದು ನಿಲ್ಲುತ್ತಾರೆ. ವಿದ್ಯಾವಂತರು, ಗಿಡಮರಗಳಲ್ಲಿ ನಿಜವಾದ ಪ್ರೀತಿಯುಳ್ಳವರು, ಇಷ್ಟು ಸಣ್ಣ ಪರೀಕ್ಷೆಯನ್ನು ಮಾಡಬಾರದೆ? ಬೇರನ್ನು ನೋಡದೆ ನೀರೆರೆಯುವುದು ಆರೈಕೆಯಲ್ಲ. ಅದು ರೋಗ ತಿಳಿಯದೆ ಕಾಲಹರಣ ಮಾಡುವುದು, ಅಷ್ಟೆ.

ಪರೀಕ್ಷೆ ಸುಲಭವಾದುದು. ಹಳದಿ ಭಾಗದ ಅಂಚಿನಲ್ಲಿ, ಹಸುರು ಇನ್ನೂ ಉಳಿದಿರುವ ಕಡೆಯಲ್ಲಿ, ಹುಲ್ಲನ್ನು ಎರಡು ಕೈಗಳಿಂದ ಹಿಡಿದು ಮೇಲಕ್ಕೆ ಎಳೆಯಿರಿ. ಬೇರು ಸ್ವಸ್ಥವಾಗಿದ್ದರೆ ಅದು ನೆಲವನ್ನು ಬಿಡುವುದಿಲ್ಲ. ಹುಳು ತಿಂದಿದ್ದರೆ ಚಾಪೆ ಸುತ್ತಿದಂತೆ ಸುರುಳಿಯಾಗಿ ಎದ್ದು ಬರುತ್ತದೆ. ಅಲ್ಲಿಯೇ 1 ಅಡಿ ಚೌಕವನ್ನು 3 ಅಂಗುಲ ಆಳಕ್ಕೆ ಕೆದಕಿ ನೋಡಿ. ಕೆನೆಬಿಳುಪು ಮೈಯ, ಕಂದು ತಲೆಯ, ಅರ್ಧಚಂದ್ರದಂತೆ ಮುದುರಿ ಮಲಗಿದ ಹುಳುಗಳು ಕಂಡಾವು. ಒಂದೆರಡಿದ್ದರೆ ಹುಲ್ಲು ತಾನೇ ತಾಳಿಕೊಳ್ಳುತ್ತದೆ. 5ಕ್ಕೆ ಮೇಲ್ಪಟ್ಟರೆ ಸುಮ್ಮನಿರತಕ್ಕದ್ದಲ್ಲ.

ಕಳೆದ ಮಳೆಗಾಲದಲ್ಲಿ ಮೈಸೂರಿನ ಒಂದು ಬಡಾವಣೆಗೆ, ನಿವೃತ್ತ ಉಪಾಧ್ಯಾಯರೊಬ್ಬರ ಮನೆಗೆ ಹೋಗಿದ್ದೆ. ಬಾಗಿಲ ಮುಂದೆ ದೊಡ್ಡ ಬೇವಿನ ಮರ, ಅದರಾಚೆ ಅವರು ಮಕ್ಕಳಂತೆ ಸಾಕಿದ ಗರಿಕೆಯ ಹಾಸು. ಅದರ ಮೇಲೆ ನಾಲ್ಕಾರು ಬೆಳ್ಳಕ್ಕಿಗಳೂ ಗೊರವಂಕಗಳೂ ಇಳಿದು ಕುಕ್ಕುತ್ತಿದ್ದುವು. ಹಕ್ಕಿಗಳು ಹುಲ್ಲನ್ನು ಹಾಳುಮಾಡುತ್ತಿವೆಯೆಂದು ಮನೆಯವರು ಒಬ್ಬ ಹುಡುಗನನ್ನು ಕೋಲು ಕೊಟ್ಟು ಅವನ್ನು ಓಡಿಸಲು ನಿಲ್ಲಿಸಿದ್ದರು. ಇನ್ನೊಂದು ಕಡೆ ಕೊಳವೆಯಿಂದ ನೀರು ಹರಿಯುತ್ತಲೇ ಇತ್ತು. ಮಾಲಿಯಾದ ಮುದುಕ ಒಂದು ಹೆಂಟೆ ಹುಲ್ಲನ್ನು ಎತ್ತಿ ತಿರುಗಿಸಿ ತೋರಿಸುತ್ತ, "ಮೇಷ್ಟ್ರೇ, ಬೇರೇ ಇಲ್ವಲ್ಲ, ಇನ್ನು ನೀರು ಕುಡಿಯೋದಾದ್ರೂ ಯಾವುದ್ರಿಂದ?" ಎಂದ. ಮೊದಲ ಮಳೆಯ ರಾತ್ರಿಗಳಲ್ಲಿ ಬೇವಿನ ಎಲೆಗಳೆಲ್ಲ ತೂತುಬಿದ್ದಿದ್ದುದನ್ನೂ, ಬೆಳಿಗ್ಗೆ ದೀಪದ ಕೆಳಗೆ ಕಂದು ದುಂಬಿಗಳು ರಾಶಿಯಾಗಿ ಬಿದ್ದಿದ್ದುದನ್ನೂ ಆಗ ಮನೆಯವರು ನೆನಪಿಸಿಕೊಂಡರು. ಆ ದುಂಬಿಗಳು ಮಣ್ಣಿನಲ್ಲಿಟ್ಟ ಮೊಟ್ಟೆಗಳಿಂದ ಬಂದವೇ ಈ ಹುಳುಗಳು. ಅವನ್ನು ಹೆಕ್ಕಿ ತಿನ್ನುತ್ತಿದ್ದ ಉಪಕಾರಿಗಳನ್ನೇ ಹುಡುಗ ಓಡಿಸುತ್ತಿದ್ದ.

ಆದುದರಿಂದ ಮೊದಲು, ಹಕ್ಕಿಗಳನ್ನು ಓಡಿಸಬೇಡಿ. ಒಣಗಿದ ಭಾಗದ ಹುಲ್ಲನ್ನು ಸುತ್ತಿ ತೆಗೆದು, ಮಣ್ಣನ್ನು ಅರ್ಧ ಅಡಿ ಅಗೆದು, ಕೈಗೆ ಸಿಕ್ಕ ಹುಳುಗಳನ್ನು ಆರಿಸಿ ಸಾಬೂನು ನೀರಿಗೆ ಹಾಕಿ. ಉಳಿದವನ್ನು ಹಕ್ಕಿಗಳಿಗೆ ಬಿಡಿ. ಮೆಟಾರೈಜಿಯಂ ಎಂಬ ಶಿಲೀಂಧ್ರದ ಪುಡಿಯನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ಬಿಸಿಲು ಇಳಿದ ಮೇಲೆ, ಒದ್ದೆ ನೆಲದ ಮೇಲೆ ಹರಡಿ, ಅನಂತರ ಅದು ಬೇರಿನವರೆಗೆ ಇಳಿಯುವಷ್ಟು ಮಾತ್ರ ನೀರು ಚಿಮುಕಿಸಿ. ನೀರಿಗೆ ಇಲ್ಲಿ ಸ್ಥಾನವುಂಟು. ಬೇರನ್ನು ನೋಡಿದ ಮೇಲೆ, ತಿಳಿದು ಹಾಕುವ ನೀರಿಗೆ. ಈ ಪುಡಿಯ ಜೊತೆಗೆ ಶಿಲೀಂಧ್ರನಾಶಕಗಳನ್ನು ಬೆರೆಸಬಾರದು. ಹುಲ್ಲನ್ನು ನುಣ್ಣಗೆ ಬೋಳಿಸುವುದನ್ನು ಈ ಎರಡು ತಿಂಗಳು ನಿಲ್ಲಿಸಿ, 2 ಅಂಗುಲ ಎತ್ತರಕ್ಕೆ ಬಿಡಿ. ಒಂದು ಸಲಕ್ಕೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚಾಗಿ ಕತ್ತರಿಸಬೇಡಿ. ಬೋಳಾದ ಜಾಗದಲ್ಲಿ ಹುಳು ಇಲ್ಲವೆಂದು ದೃಢವಾದ ಮೇಲೆ, ಗೆಣ್ಣುಳ್ಳ ಗರಿಕೆಯ ತುಂಡುಗಳನ್ನು 4 ಅಂಗುಲಕ್ಕೊಂದರಂತೆ ಊರಿ, ಬೇವಿನ ಹಿಂಡಿಯನ್ನು ತೆಳುವಾಗಿ ಹರಡಿ.

ಧಾರವಾಡದ ಕಡೆಯ ಎರೆಮಣ್ಣಿನವರಿಗೆ ಇನ್ನೊಂದು ಮಾತು. ನಿಮ್ಮ ನೆಲ ನೀರನ್ನು ಹಿಡಿದಿಟ್ಟುಕೊಳ್ಳುವಂಥದು. ಅಲ್ಲಿ ಹಳದಿ ಬಣ್ಣಕ್ಕೆ ನೀರು ನಿಂತು ಬೇರು ಕೊಳೆತುದೂ ಕಾರಣವಾಗಿರಬಹುದು. ಹುಳು ಸಿಗದೆ ಬೇರು ಕಪ್ಪಾಗಿ ನಾರುತ್ತಿದ್ದರೆ, ನೀರು ಹೊರಹೋಗಲು ಅಂಚಿನಲ್ಲಿ ಕಾಲುವೆ ತೆಗೆಯಿರಿ. ಎರಡಕ್ಕೂ ಮದ್ದು ಬೇರೆಬೇರೆ; ಬೇರನ್ನು ನೋಡದೆ ಇವೆರಡರ ಭೇದ ತಿಳಿಯುವುದೆಂತು?

ಹಸಿ ಸಗಣಿಯನ್ನೂ ಅರೆಗಳಿತ ಗೊಬ್ಬರವನ್ನೂ ಹುಲ್ಲಿನ ಮೇಲೆ ಹರಡುವ ರೂಢಿಯನ್ನು ಇಂದೇ ಬಿಡಿ. ದುಂಬಿ ಮೊಟ್ಟೆಯಿಡಲು ಅಂಥ ನೆಲವನ್ನೇ ಹುಡುಕಿ ಬರುತ್ತದೆ. ಇನ್ನು, ಅಂಗಡಿಯವನು ಕೊಟ್ಟ ಹರಳು ವಿಷವನ್ನು ತಂದು ಎರಚುವವರಲ್ಲಿ ನನ್ನ ಪ್ರಾರ್ಥನೆ: ಆ ಹುಲ್ಲಿನ ಮೇಲೆ ನಿಮ್ಮ ಮಕ್ಕಳು ಬರಿಗಾಲಲ್ಲಿ ಆಡುತ್ತಾರೆ, ಇನ್ನು ಕೆಲವು ದಿನಗಳಲ್ಲಿ ಗಣೇಶನ ಹಬ್ಬ ಬರುತ್ತದೆ, ಪೂಜೆಯ ಗರಿಕೆಯನ್ನು ಮನೆಯ ಹೆಂಗಸರು ಅಲ್ಲಿಂದಲೇ ಕೊಯ್ಯುತ್ತಾರೆ. ವಿಷ ಸುರಿದ ಅಂಗಳದ ಗರಿಕೆಯನ್ನು ಮುಟ್ಟತಕ್ಕದ್ದಲ್ಲ.

ಮುಂದಿನ ವರ್ಷಕ್ಕೆ ಈಗಲೇ ಸಂಕಲ್ಪ ಮಾಡಿ. ಈ ಹುಳುವಿಗೆ ವರ್ಷಕ್ಕೆ ಒಂದೇ ಪೀಳಿಗೆ; ಮೊದಲ ಮಳೆ ಬಿದ್ದ ಸಂಜೆಗಳಲ್ಲಿ ಬೇವು, ಬೋರೆ ಮರಗಳ ಕೊಂಬೆಗಳನ್ನು ಅಲ್ಲಾಡಿಸಿ, ಉದುರಿದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದರೆ, ಆ ವರ್ಷದ ಕಾಟದ ಬಹುಭಾಗ ಅಲ್ಲಿಗೇ ತೀರುತ್ತದೆ. ಆದರೆ ದುಂಬಿ ಗೋಡೆ ದಾಟಿ ಹಾರುವ ಜೀವಿ. ಒಬ್ಬರ ಅಂಗಳದಲ್ಲಿ ಮಾತ್ರ ಮಾಡಿದ ಶ್ರಮ ಬಹುಮಟ್ಟಿಗೆ ವ್ಯರ್ಥ. ಬೀದಿಯವರೆಲ್ಲ ಒಂದೇ ವಾರದಲ್ಲಿ ಈ ಕೆಲಸ ಮಾಡಿ; ಅಕ್ಕಪಕ್ಕದ ಮನೆಯವರು ಈ ಭಾಷಣವನ್ನು ಕೇಳಿರದಿದ್ದರೆ ನೀವೇ ಅವರಿಗೆ ತಿಳಿಸಿ, ಅವರ ಹುಲ್ಲಿನ ಬೇರನ್ನು ಅವರ ಕೈಯಿಂದಲೇ ಎತ್ತಿಸಿ ತೋರಿಸಿ.