ಬಿಟ್ ಸುಟ್ಟರೆ ಫೀಡ್ ಇಳಿಸಬೇಡಿ
(ಬರ್ ದುಬೈಯಲ್ಲಿ ಸದಸ್ಯರ ಕೂಟದಲ್ಲಿ ಆಡಿದ ಮಾತುಗಳು)



ಮರದ ಕೆಲಸದ ಬಗ್ಗೆ ಮಾತಾಡ್ಲಿಕ್ಕೆ ಲೆಕ್ಕ ಬರೆಯುವ ನಮಗೇನು ಹಕ್ಕು ಅಂತ ಕೇಳಬಹುದು. ನಾವು ಉಳಿ ಹಿಡಿದವರಲ್ಲ. ಆದರೆ ಒಂದು ಬಿಲ್ ನಮಗೆ ಈ ಪಾಠ ಕಲಿಸಿತು.

ನಾವು ಲೆಕ್ಕ ನೋಡುತ್ತಿದ್ದ ಒಂದು ಜಾಯಿನರಿಯಲ್ಲಿ ರೂಟರ್ ಬಿಟ್‌ಗಳ ಖರ್ಚು ಏಕಾಏಕಿ ಏರಿತು. ಸಿಎನ್‌ಸಿ ಮೆಷಿನ್ ನಡೆಸುತ್ತಿದ್ದವನು ನಮ್ಮ ಊರಿನ ಕಡೆಯ ಹುಡುಗ. ಅಜಾಗರೂಕತೆ ಎಂದು ಅವನ ಸಂಬಳದಿಂದ ಹಣ ಮುರಿಯುವ ಕಾಗದ ನಮ್ಮ ಮೇಜಿಗೆ ಬಂತು. ಕರೆದು ಕೇಳಿದೆವು. "ಸುಟ್ಟ ವಾಸನೆ ಬಂದ ಕೂಡ್ಲೇ ಫೀಡ್ ಕಮ್ಮಿ ಮಾಡ್ತೇನೆ ಸರ್, ಆದ್ರೂ ಬಿಟ್ ಹೋಗ್ತದೆ" ಅಂದ.

ತಪ್ಪು ಇದ್ದದ್ದೇ ಅಲ್ಲಿ. ಬಿಟ್ಟಿನ ಬಿಸಿಯನ್ನು ಹೊತ್ತು ಹೊರಗೆ ಹಾಕುವುದು ಕತ್ತರಿಸಿದ ಸಿಪ್ಪೆ. ಸ್ಪಿಂಡಲ್ ಜೋರಾಗಿ ತಿರುಗುತ್ತಾ ಫೀಡ್ ನಿಧಾನವಾದರೆ ಹಲ್ಲು ಮರವನ್ನು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಸಿಪ್ಪೆಯ ಬದಲು ನುಣ್ಣನೆ ಹುಡಿ ಬರುತ್ತದೆ. ಬಿಟ್ ಕಾಯುತ್ತದೆ, ಮೊಂಡಾಗುತ್ತದೆ, ಕೊನೆಗೆ ಮುರಿಯುತ್ತದೆ.

ಇದರ ಲೆಕ್ಕ ಬರೀ ಗುಣಾಕಾರ: ನಿಮಿಷಕ್ಕೆ ಎಷ್ಟು ಸುತ್ತು, ಬಿಟ್ಟಿಗೆ ಎಷ್ಟು ಹಲ್ಲು, ಪ್ರತಿ ಹಲ್ಲಿಗೆ ಎಷ್ಟು ದಪ್ಪದ ಸಿಪ್ಪೆ. 6 ಮಿ.ಮೀ.ನ ಎರಡು ಹಲ್ಲಿನ ಬಿಟ್ಟಿನಲ್ಲಿ ಎಂಡಿಎಫ್ ಕತ್ತರಿಸುವಾಗ ಸಿಪ್ಪೆ 0.2 ಮಿ.ಮೀ. ಅಂತ ಇಟ್ಟುಕೊಳ್ಳಿ. 18,000 × 2 × 0.2 ಅಂದರೆ 7,200. ಅಂದರೆ ನಿಮಿಷಕ್ಕೆ 7.2 ಮೀಟರ್. ನಮ್ಮ ಹುಡುಗ ಇಳಿಸುತ್ತಾ ಇಳಿಸುತ್ತಾ 2 ಮೀಟರಿಗೆ ಬಂದಿದ್ದ. ಒಂದು ಹಲ್ಲಿಗೆ 0.06 ಮಿ.ಮೀ. ಕೂಡ ಸಿಗುತ್ತಿರಲಿಲ್ಲ. ಮೆಷಿನ್ ಅಷ್ಟು ವೇಗ ತಡೆಯದಿದ್ದರೆ ಸುತ್ತು ಇಳಿಸಿ. 12,000ಕ್ಕೆ 4.8 ಮೀಟರ್ ಸಾಕು. ಮೂಲೆಗಳಲ್ಲಿ ಮೆಷಿನ್ ತಾನಾಗಿ ನಿಧಾನವಾಗುತ್ತದೆ, ಮೂಲೆಯೇ ಮೊದಲು ಕಪ್ಪಾಗುವುದು ಅದಕ್ಕೆ. ಆಳವೂ ಒಂದು ಸಲಕ್ಕೆ ಬಿಟ್ಟಿನ ದಪ್ಪದಷ್ಟು ಇದ್ದರೆ ಕ್ಷೇಮ. ಎರಡು ಪಟ್ಟು ಹೋದರೆ ಸಿಪ್ಪೆಯ ಲೆಕ್ಕದಲ್ಲಿ ಕಾಲುಭಾಗ ಕಳೆಯಿರಿ.

ಕೈ ರೂಟರ್ ಹಿಡಿಯುವವರಿಗೆ ಇನ್ನೊಂದು ಮಾತು. 50 ಮಿ.ಮೀ.ನ ದೊಡ್ಡ ಬಿಟ್ಟನ್ನು 24,000 ಸುತ್ತಿಗೆ ಬಿಟ್ಟರೆ ಅದರ ಅಂಚು ಗಂಟೆಗೆ 226 ಕಿ.ಮೀ. ವೇಗದಲ್ಲಿ ಓಡುತ್ತದೆ. ಶೇಖ್ ಝಾಯೆದ್ ರಸ್ತೆಯಲ್ಲೂ ಅಷ್ಟು ಓಡಿಸ್ಲಿಕ್ಕೆ ಬಿಡುವುದಿಲ್ಲ! ಬಿಟ್ಟಿನ ಮೇಲೆ ಬರೆದ ಗರಿಷ್ಠ ಸುತ್ತು ನೋಡದೆ ಸ್ವಿಚ್ ಒತ್ತಬೇಡಿ. ಮಾಸ್ಕ್ ಕೂಡ ಹಾಕಿ, ಮರದ ಹುಡಿ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ಸಾಬೀತಾಗಿದೆ.

ಸಂಬಳ ಮುರಿಯುವ ವಿಷಯ. ಇಲ್ಲಿನ 2021ರ ಕಾರ್ಮಿಕ ಕಾನೂನಿನ 25ನೇ ವಿಧಿಯಂತೆ, ಉಪಕರಣ ಹಾಳಾದ ಹಣ ಮುರಿಯಲು ನಿಮ್ಮ ತಪ್ಪಿರಬೇಕು, ಇಲ್ಲವೇ ಮಾಲೀಕರ ಸೂಚನೆ ಮೀರಿರಬೇಕು. ಓದದೆ ಸಹಿ ಹಾಕಬೇಡಿ.

ಆ ಹುಡುಗ ಸಹಿ ಹಾಕಿರಲಿಲ್ಲ. ಹೊಸ ಫೀಡಿನಲ್ಲಿ ಒಂದು ತಿಂಗಳು ಓಡಿಸಿ ನೋಡುವ ಅಂತ ಮುದೀರ್ ಹತ್ತಿರ ನಾವೇ ಕೇಳಿಕೊಂಡೆವು. ಮರುತಿಂಗಳು ಬಿಟ್ಟಿನ ಬಿಲ್ ಅರ್ಧಕ್ಕಿಂತ ಕೆಳಗೆ ಬಂತು, ಆ ಕಾಗದ ಇನ್ನೂ ನಮ್ಮ ಡ್ರಾಯರಿನಲ್ಲೇ ಇದೆ.